ಇ-ಸ್ಕೂಟರ್‌ಗೆ ರಸ್ತೆಯಲ್ಲಿ ಜಾಗವೆಲ್ಲಿ?

2023ರ ಏಪ್ರಿಲ್ 2ರಂದು ಪ್ಯಾರಿಸ್‌ನ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಬಾಡಿಗೆಗೆ ಸಿಗುವ ಇ-ಸ್ಕೂಟರ್‌ಗಳು ನಗರದಲ್ಲಿ ಮುಂದುವರಿಯಬೇಕೇ, ಬೇಡವೇ? ಮತ ಹಾಕಿದವರಲ್ಲಿ ಶೇ 89ರಷ್ಟು ಮಂದಿ ಬೇಡವೆಂದರು. ಮತಗಟ್ಟೆಗೆ ಬಂದವರಾದರೋ ಒಟ್ಟು ಮತದಾರರಲ್ಲಿ ಶೇ 8ಕ್ಕಿಂತ ಕಡಿಮೆ. ಮೇಯರ್ ಆನ್ ಹಿಡಾಲ್ಗೊ ಫಲಿತಾಂಶಕ್ಕೆ ಬದ್ಧರಾದರು. ಆಗಸ್ಟ್ 31ಕ್ಕೆ ಮೂರು ಕಂಪನಿಗಳ ಬಾಡಿಗೆ ಸೇವೆ ಕೊನೆಗೊಂಡು, ಸುಮಾರು 15,000 ಸ್ಕೂಟರ್‌ಗಳು ಬೀದಿಯಿಂದ ಮರೆಯಾದವು. ಮರುದಿನ ಬೆಳಿಗ್ಗೆಯೂ ಪ್ಯಾರಿಸ್‌ನಲ್ಲಿ ಇ-ಸ್ಕೂಟರ್‌ಗಳು ಓಡಿದವು. ನಿಷೇಧಕ್ಕೆ ಒಳಗಾದದ್ದು ಬಾಡಿಗೆ ಸೇವೆ ಮಾತ್ರ. ಸ್ವಂತಕ್ಕೆ ಕೊಂಡ ಸ್ಕೂಟರ್‌ಗೆ ಯಾವ ಅಡ್ಡಿಯೂ ಇರಲಿಲ್ಲ.

ಈ ಮತದಾನವನ್ನು ಇ-ಸ್ಕೂಟರ್‌ಗಳ ಕಾಲ ಮುಗಿಯಿತು ಎಂಬುದಕ್ಕೆ ಗುರುತಾಗಿ ಅನೇಕರು ಓದಿದರು. ನನಗೆ ಅದರಲ್ಲಿ ಕಾಣುವುದು ಬೇರೆ. ಕೆಲವು ವರ್ಷಗಳಿಂದ ದೇಶಗಳು ಈ ವಾಹನದ ವೇಗ, ಸವಾರನ ವಯಸ್ಸು, ಹೆಲ್ಮೆಟ್, ಲೈಸೆನ್ಸ್, ವಿಮೆ ಕುರಿತು ನಿಯಮದ ಮೇಲೆ ನಿಯಮ ಬರೆಯುತ್ತಲೇ ಇವೆ. ಆದರೆ ಸವಾರರ ರೂಢಿಯನ್ನು ನಿಜವಾಗಿ ತಿದ್ದಬಲ್ಲ ಪ್ರಶ್ನೆ ಹೆಚ್ಚಿನ ಕಡೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ: ಇದು ಓಡಬೇಕಾದದ್ದು ಎಲ್ಲಿ, ನಿಲ್ಲಬೇಕಾದದ್ದು ಎಲ್ಲಿ? ಈ ಎರಡಕ್ಕೆ ಉತ್ತರ ಕೊಡದೆ ಬರೆದ ಕಾನೂನುಗಳು ಕಾಗದದ ಮೇಲೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಬೀದಿಯಲ್ಲಿ ಸೋಲುತ್ತಿವೆ.

ಮೊದಲೇ ಒಂದು ಸ್ಪಷ್ಟನೆ. ಇಲ್ಲಿ ಹೇಳುತ್ತಿರುವುದು ಸೀಟಿನ ಮೇಲೆ ಕುಳಿತು ಓಡಿಸುವ ವಿದ್ಯುತ್ ಸ್ಕೂಟರ್ ಕುರಿತಲ್ಲ. ಕಿರಿದಾದ ಹಲಗೆಯ ಮೇಲೆ ನಿಂತು, ಉದ್ದನೆಯ ಕಂಬದ ತುದಿಯ ಹ್ಯಾಂಡಲ್ ಹಿಡಿದು, ಹೆಬ್ಬೆರಳಿನಿಂದ ವೇಗ ಕೊಡುವ ಪುಟ್ಟ ವಾಹನದ ಕುರಿತು. ಕಲ್ಪನೆ ಹೊಸದೇನಲ್ಲ. 1915ರ ಹೊತ್ತಿಗೆ ಅಮೆರಿಕದಲ್ಲಿ ಆಟೋಪೆಡ್ ಎಂಬ ನಿಂತು ಓಡಿಸುವ ಮೋಟಾರು ಸ್ಕೂಟರ್ ಮಾರಾಟಕ್ಕೆ ಬಂದಿತ್ತು. ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಈಗ ಅದು ಮರಳಿ ಬರಲು ಕಾರಣ ಲಿಥಿಯಂ ಬ್ಯಾಟರಿ, ಚಕ್ರದೊಳಗೇ ಅಡಗುವ ಮೋಟಾರು ಮತ್ತು ಮೊಬೈಲ್.

2017ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾದಲ್ಲಿ ಬರ್ಡ್ ಎಂಬ ಹೊಸ ಕಂಪನಿ ತನ್ನ ಸ್ಕೂಟರ್‌ಗಳನ್ನು ಬೀದಿಗಿಳಿಸಿತು. ಮೊಬೈಲ್‌ನಲ್ಲಿ ಕೋಡ್ ಸ್ಕ್ಯಾನ್ ಮಾಡಿದರೆ ಬೀಗ ತೆರೆಯುತ್ತದೆ. ಆರಂಭಕ್ಕೆ ಒಂದು ಡಾಲರ್, ಆಮೇಲೆ ನಿಮಿಷಕ್ಕೆ 15 ಸೆಂಟ್. ಹೋಗಬೇಕಾದ ಕಡೆ ಹೋಗಿ ಅಲ್ಲೇ ಬಿಟ್ಟರಾಯಿತು. ನಿಲ್ದಾಣ ಕಟ್ಟುವ ಖರ್ಚಿಲ್ಲ, ನಗರಸಭೆಯ ಅನುಮತಿಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ನಗರಾಡಳಿತ ಕ್ರಿಮಿನಲ್ ಮೊಕದ್ದಮೆ ಹೂಡಿತು. 2018ರ ಫೆಬ್ರುವರಿಯಲ್ಲಿ ಕಂಪನಿ ಮೂರು ಲಕ್ಷಕ್ಕೂ ಹೆಚ್ಚು ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮುಂದಿನ ತಿಂಗಳೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೂರು ಕಂಪನಿಗಳು ಇದೇ ಆಟ ಹೂಡಿದವು. ಆ ನಗರ ಜೂನ್‌ನಲ್ಲಿ ಎಲ್ಲವನ್ನೂ ತೆಗೆಸಿ, ಅಕ್ಟೋಬರ್‌ನಲ್ಲಿ ಬೇರೆ ಎರಡು ಕಂಪನಿಗಳಿಗಷ್ಟೇ ಮಿತಿ ಹಾಕಿ ಪರವಾನಗಿ ಕೊಟ್ಟಿತು.

ಆ ಮೊದಲ ವರ್ಷದಲ್ಲಿ ಬಿದ್ದ ಪೆಟ್ಟು ದೊಡ್ಡದು. ಸಾರ್ವಜನಿಕರಿಗೆ ಸೇರಿದ ಫುಟ್‌ಪಾತ್ ಅನ್ನು ಕೇಳದೆಯೇ ತಮ್ಮ ಗೋದಾಮು ಮಾಡಿಕೊಂಡವರ ಮೇಲೆ ಜನರಿಗೆ ಹುಟ್ಟಿದ ಸಿಟ್ಟು, ವಾಹನದ ಮೇಲೂ ಅದನ್ನು ಓಡಿಸುವವರ ಮೇಲೂ ತಿರುಗಿತು. ಪ್ಯಾರಿಸ್‌ನ ಶೇ 89ರ ಬೇರು ಅಲ್ಲಿದೆ ಎಂದು ನಾನು ನಂಬುತ್ತೇನೆ. 2019ರಲ್ಲಿ ಆ ನಗರದಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು. 2020ರಲ್ಲಿ ಟೆಂಡರ್ ಕರೆದು ಮೂರಕ್ಕೆ ಇಳಿಸಿ, ಕಾರುಗಳ ಜಾಗ ಕಿತ್ತುಕೊಂಡು ಸ್ಕೂಟರ್ ನಿಲುಗಡೆಯ ಚೌಕಗಳನ್ನು ಗುರುತಿಸುವ ಹೊತ್ತಿಗೆ ಜನರ ಮನಸ್ಸು ಮುರಿದಿತ್ತು. 2021ರ ಜೂನ್‌ನಲ್ಲಿ ಸೇನ್ ನದಿಯ ದಡದಲ್ಲಿ ನಡೆದು ಹೋಗುತ್ತಿದ್ದ ಯುವತಿಯೊಬ್ಬಳು ಇಬ್ಬರು ಏರಿದ್ದ ಸ್ಕೂಟರ್ ಬಡಿದು ಸತ್ತಳು. ಕೆಲವೇ ತಿಂಗಳಲ್ಲಿ ನಗರದ ನೂರಾರು ವಲಯಗಳಲ್ಲಿ ಬಾಡಿಗೆ ಸ್ಕೂಟರ್‌ನ ವೇಗವನ್ನು ಗಂಟೆಗೆ 10 ಕಿ.ಮೀ.ಗೆ ಇಳಿಸಲಾಯಿತು. ಆದರೂ ಕಳೆದುಹೋದ ವಿಶ್ವಾಸ ಮರಳಲಿಲ್ಲ.

ಸೈಕಲ್ಲೋ, ಮೋಟಾರು ವಾಹನವೋ?

ಕಾನೂನು ಬರೆಯುವವರಿಗೆ ಎದುರಾದ ಮೊದಲ ತೊಡಕು ಇದನ್ನು ಯಾವ ಪಟ್ಟಿಗೆ ಸೇರಿಸುವುದು ಎಂಬುದು. ಪಾದಚಾರಿಗಿಂತ ನಾಲ್ಕೈದು ಪಟ್ಟು ವೇಗ. ಹಾಗಾಗಿ ಅವರ ಜೊತೆಗಿರಿಸಲಾಗದು. ಕಾರುಗಳ ನಡುವೆ ಬಿಟ್ಟರೆ ಸವಾರನಿಗೆ ಯಾವ ರಕ್ಷಣೆಯೂ ಇಲ್ಲ. ಸೈಕಲ್ ಎನ್ನೋಣವೆಂದರೆ ಮೋಟಾರು ಇದೆ. ಒಂದೊಂದು ದೇಶ ಒಂದೊಂದು ಉತ್ತರ ಹಿಡಿದು ಹೊರಟಿತು.

ಜರ್ಮನಿ ತನ್ನ ಸ್ವಭಾವಕ್ಕೆ ತಕ್ಕಂತೆ ಹೊಸದೊಂದು ವರ್ಗವನ್ನೇ ಸೃಷ್ಟಿಸಿತು. 2019ರ ಜೂನ್ 15ರಂದು ಜಾರಿಗೆ ಬಂದ ನಿಯಮದ ಪ್ರಕಾರ ವೇಗದ ಮಿತಿ ಗಂಟೆಗೆ 20 ಕಿ.ಮೀ.; ಒಂದರಿಂದೊಂದು ಸ್ವತಂತ್ರವಾಗಿ ಕೆಲಸ ಮಾಡುವ ಎರಡು ಬ್ರೇಕ್, ದೀಪ, ಗಂಟೆ ಇರಲೇಬೇಕು. ಸವಾರನಿಗೆ 14 ವರ್ಷ ತುಂಬಿದ್ದರೆ ಸಾಕು, ಲೈಸೆನ್ಸ್ ಬೇಡ, ಹೆಲ್ಮೆಟ್ ಕಡ್ಡಾಯವಿಲ್ಲ. ಆದರೆ ವಿಮೆ ಇಲ್ಲದೆ ರಸ್ತೆಗಿಳಿಯುವಂತಿಲ್ಲ. ವಿಮೆಯ ಗುರುತು ಹಿಂದಿನ ಚಕ್ರದ ಮೇಲೆ ಅಂಟಿಸುವ ಅಂಗೈಯಷ್ಟರ ಸ್ಟಿಕ್ಕರ್. ವಿಮಾ ವರ್ಷ ಮಾರ್ಚ್ 1ಕ್ಕೆ ಶುರುವಾಗುತ್ತದೆ, ಆಗ ಸ್ಟಿಕ್ಕರ್‌ನ ಬಣ್ಣವೂ ಬದಲಾಗುತ್ತದೆ. ದೂರದಿಂದಲೇ ಬಣ್ಣ ನೋಡಿ ವಿಮೆ ಹಳೆಯದೋ ಹೊಸದೋ ಎಂದು ಪೊಲೀಸರು ಹೇಳಬಲ್ಲರು. ಓಡಬೇಕಾದದ್ದು ಸೈಕಲ್ ಪಥದಲ್ಲಿ, ಅದಿಲ್ಲದಿದ್ದರೆ ರಸ್ತೆಯಲ್ಲಿ, ಫುಟ್‌ಪಾತ್ ಮೇಲೆ ಎಂದಿಗೂ ಅಲ್ಲ. ಸವಾರನಿಂದ ಕಡಿಮೆ ಕೇಳಿ ವಾಹನದಿಂದ ಹೆಚ್ಚು ಕೇಳುವ ಈ ಧೋರಣೆ ನನಗೆ ಸರಿಯೆನಿಸುತ್ತದೆ.

ಬ್ರಿಟನ್‌ನ ಸ್ಥಿತಿ ಇದಕ್ಕೆ ತೀರಾ ವಿರುದ್ಧ. ಅಲ್ಲಿ ಇ-ಸ್ಕೂಟರ್ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನ. ಆದ್ದರಿಂದ ವಿಮೆ, ನೋಂದಣಿ, ತೆರಿಗೆ ಎಲ್ಲವೂ ಬೇಕು. ಆದರೆ ಸ್ವಂತದ ಸ್ಕೂಟರ್‌ಗೆ ಅವನ್ನು ಪಡೆಯುವ ದಾರಿಯೇ ಇಲ್ಲ. ಫುಟ್‌ಪಾತ್ ಹತ್ತಿದರೆ 1835ರ ಹೆದ್ದಾರಿ ಕಾಯ್ದೆ ಅಡ್ಡ ಬರುತ್ತದೆ; ಗಾಡಿಗಳ ಕಾಲದಲ್ಲಿ ಬರೆದ ಆ ಕಾಯ್ದೆ ಇಂದಿಗೂ ಜೀವಂತ. ಹೀಗಾಗಿ ಸ್ವಂತ ಸ್ಕೂಟರ್ ಓಡಿಸಬಹುದಾದದ್ದು ಖಾಸಗಿ ಜಮೀನಿನಲ್ಲಿ, ಅದೂ ಮಾಲೀಕರ ಒಪ್ಪಿಗೆಯಿದ್ದರೆ. ಅಷ್ಟಾದರೂ ಅಂಗಡಿಯಲ್ಲಿ ಮಾರಾಟ ಕಾನೂನುಬದ್ಧ! ಲಕ್ಷಗಟ್ಟಲೆ ಜನ ಕೊಂಡಿದ್ದಾರೆ, ರಸ್ತೆಯಲ್ಲೇ ಓಡಿಸುತ್ತಿದ್ದಾರೆ, ಪೊಲೀಸರು ಆಗಾಗ ಜಪ್ತಿ ಮಾಡುತ್ತಿದ್ದಾರೆ. ಇನ್ನೊಂದೆಡೆ 2020ರ ಜುಲೈನಿಂದ ಆಯ್ದ ನಗರಗಳಲ್ಲಿ ಸರ್ಕಾರವೇ ಬಾಡಿಗೆ ಸ್ಕೂಟರ್‌ಗಳ ಪ್ರಯೋಗ ನಡೆಸುತ್ತಿದೆ. ಅದಕ್ಕೆ ಕನಿಷ್ಠ ಕಲಿಕಾ ಲೈಸೆನ್ಸ್ ಬೇಕು; ವೇಗ ಗಂಟೆಗೆ 15.5 ಮೈಲಿ, ಲಂಡನ್‌ನಲ್ಲಿ 12.5. ಒಂದು ವರ್ಷದ್ದೆಂದು ಶುರುವಾದ ಈ ಪ್ರಯೋಗದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಗಿದೆ. ಒಂದೇ ಬೀದಿಯಲ್ಲಿ, ಒಂದೇ ಬಗೆಯ ಎರಡು ಸ್ಕೂಟರ್‌ಗಳಲ್ಲಿ ಒಂದು ಸರ್ಕಾರದ ಯೋಜನೆ, ಇನ್ನೊಂದು ಅಪರಾಧ. ನಿರ್ಧಾರವನ್ನೇ ಮುಂದೂಡುತ್ತ ಬಂದರೆ ಕಾನೂನಿನ ಮೇಲಿನ ಗೌರವ ಎಷ್ಟು ಉಳಿದೀತು?

ನೆದರ್‌ಲೆಂಡ್ಸ್ ಸೈಕಲ್‌ಗಳ ನಾಡು, ಸ್ಕೂಟರ್‌ಗೆ ತಕ್ಷಣ ಬಾಗಿಲು ತೆರೆದೀತು ಎಂದುಕೊಳ್ಳುವವರೇ ಹೆಚ್ಚು. ಹಾಗಾಗಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಓಸ್ ಪಟ್ಟಣದ ರೈಲ್ವೆ ಕ್ರಾಸಿಂಗ್‌ನಲ್ಲಿ, ಮಕ್ಕಳನ್ನು ಕರೆದೊಯ್ಯುತ್ತಿದ್ದ ಸ್ಟಿಂಟ್ ಎಂಬ ವಿದ್ಯುತ್ ಗಾಡಿಗೆ ರೈಲು ಬಡಿದು ನಾಲ್ಕು ಮಕ್ಕಳು ಸತ್ತರು. ಚಾಲಕರು ನಿಂತು ಓಡಿಸುವ ಆ ಗಾಡಿ ಹಗುರ ಅನುಮೋದನೆಯ ದಾರಿಯಲ್ಲಿ ರಸ್ತೆಗೆ ಬಂದಿತ್ತು. ಆಮೇಲೆ ಅಲ್ಲಿನ ವಾಹನ ಪ್ರಾಧಿಕಾರ ಇಂಥ ಪುಟ್ಟ ವಾಹನಗಳ ಒಂದೊಂದು ಮಾದರಿಯನ್ನೂ ಬಿಗಿಯಾಗಿ ಪರೀಕ್ಷಿಸತೊಡಗಿತು. ಅನುಮೋದನೆ ಪಡೆದ ಸ್ಕೂಟರ್‌ಗೂ ವಿಮೆ ಬೇಕು, ಸವಾರನಿಗೆ 16 ವರ್ಷವಾಗಿರಬೇಕು. 2025ರ ಜುಲೈನಿಂದ ನಂಬರ್ ಪ್ಲೇಟ್ ಕೂಡ ಕಡ್ಡಾಯ. ಜಗತ್ತಿಗೆಲ್ಲ ಇ-ಸ್ಕೂಟರ್ ತಯಾರಿಸಿ ಕೊಡುವ ಚೀನಾದಲ್ಲೂ ಬೀಜಿಂಗ್ ಮತ್ತು ಶಾಂಘೈ ನಗರಗಳು 2016ರಲ್ಲೇ ಇವನ್ನು ಸಾರ್ವಜನಿಕ ರಸ್ತೆಯಿಂದ ಹೊರಗಿಟ್ಟವು.

ವರ್ಗೀಕರಣಕ್ಕೇ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಒಳ್ಳೆಯ ಉದಾಹರಣೆ. ಅದು ಕಡಿಮೆ ಶಕ್ತಿಯ ಸ್ಕೂಟರ್‌ಗಳನ್ನು 2018ರಲ್ಲಿ ಮೋಟಾರು ವಾಹನದ ಪಟ್ಟಿಯಿಂದ ಹೊರಗಿಟ್ಟಿತು. ಲೈಸೆನ್ಸ್ ಬೇಡ, ನೋಂದಣಿ ಬೇಡ, ಫುಟ್‌ಪಾತ್ ಮೇಲೂ ಹೋಗಬಹುದು, ರಸ್ತೆಯ ಅಂಚಿನಲ್ಲೂ ಹೋಗಬಹುದು. ಆದರೆ ಇದು ಸೈಕಲ್ ಅಲ್ಲವಾದ್ದರಿಂದ ರಸ್ತೆ ಬದಿಯ ಸೈಕಲ್ ಲೇನ್‌ನಲ್ಲಿ ಮಾತ್ರ ಹೋಗುವಂತಿರಲಿಲ್ಲ. ಈ ವಾಹನಕ್ಕೆ ಅತ್ಯಂತ ಹೊಂದುವ ಜಾಗವೇ ಅದಕ್ಕೆ ನಿಷಿದ್ಧವಾಗಿ ವರ್ಷಗಟ್ಟಲೆ ಉಳಿಯಿತು.

ಫುಟ್‌ಪಾತ್ ಹತ್ತುವವರು ಯಾಕೆ ಹತ್ತುತ್ತಾರೆ

ಎಲ್ಲ ದೇಶಗಳಲ್ಲೂ ಕೇಳಿಬರುವ ದೂರು ಒಂದೇ: ಸ್ಕೂಟರ್‌ನವರು ಫುಟ್‌ಪಾತ್ ಮೇಲೆ ನುಗ್ಗುತ್ತಾರೆ. ದೂರು ನ್ಯಾಯವಾದದ್ದು. ಇದು ಹೆಚ್ಚು ಸದ್ದು ಮಾಡದ ವಾಹನ; ಹಿಂದಿನಿಂದ ಬಂದದ್ದು ಕಣ್ಣು ಚೆನ್ನಾಗಿರುವವರಿಗೇ ಗೊತ್ತಾಗುವುದಿಲ್ಲ. ಕೋಲು ಹಿಡಿದು ನಡೆಯುವ ಅಂಧರಿಗೆ ಓಡುವ ಸ್ಕೂಟರ್ ಎಷ್ಟು ಅಪಾಯವೋ, ಅಡ್ಡ ಬಿದ್ದಿರುವ ಸ್ಕೂಟರ್ ಕೂಡ ಅಷ್ಟೇ. ಗಾಲಿಕುರ್ಚಿಯವರಿಗೆ ಫುಟ್‌ಪಾತ್ ಬಿಟ್ಟರೆ ಬೇರೆ ದಾರಿಯಿಲ್ಲ. ನಡೆಯುವವರ ಜಾಗ ನಡೆಯುವವರಿಗೇ ಇರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಸವಾರ ಅಲ್ಲಿಗೆ ಹತ್ತುವುದು ಬಹುಮಟ್ಟಿಗೆ ಕಾರು, ಬಸ್‌ಗಳ ಭಯದಿಂದ. ಆ ಭಯಕ್ಕೆ ಆಧಾರವಿದೆ. ಅಂತರರಾಷ್ಟ್ರೀಯ ಸಾರಿಗೆ ವೇದಿಕೆ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸೈಕಲ್ ಮತ್ತು ಇ-ಸ್ಕೂಟರ್ ಸವಾರರ ಸಾವಿನ ಪ್ರಕರಣಗಳಲ್ಲಿ ಶೇ 80ಕ್ಕೂ ಹೆಚ್ಚಿನವು ತಮಗಿಂತ ಭಾರವಾದ ವಾಹನ ಬಡಿದು ಆದವು. ಸಾವಿನ ಅಪಾಯದಲ್ಲಿ ಇ-ಸ್ಕೂಟರ್‌ಗೂ ಸೈಕಲ್‌ಗೂ ಹೇಳಿಕೊಳ್ಳುವಂಥ ಅಂತರ ಅದಕ್ಕೆ ಕಾಣಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಅಧ್ಯಯನವನ್ನಿಟ್ಟು ನೋಡಬೇಕು. ಟೆಕ್ಸಾಸ್‌ನ ಆಸ್ಟಿನ್ ನಗರದ ಆರೋಗ್ಯ ಇಲಾಖೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೊತೆ ಸೇರಿ 2018ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಗಾಯಗಳನ್ನು ಲೆಕ್ಕ ಹಾಕಿತು. ಒಂದು ಲಕ್ಷ ಸವಾರಿಗೆ ಸುಮಾರು 20 ಮಂದಿ ಗಾಯಗೊಂಡಿದ್ದರು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರ ತಲೆಗೆ ಪೆಟ್ಟಾಗಿತ್ತು. ಗಾಯಗೊಂಡ 190 ಸವಾರರಲ್ಲಿ ಹೆಲ್ಮೆಟ್ ಹಾಕಿದ್ದವನು ಒಬ್ಬನೇ. ಮೂರನೇ ಒಂದು ಭಾಗದಷ್ಟು ಮಂದಿಗೆ ಅದು ಜೀವನದ ಮೊದಲ ಸವಾರಿ. ಗುಂಡಿ, ಬಿರುಕಿನಂಥ ರಸ್ತೆಯ ದೋಷವೂ ಕಾರಣವೆಂದು ಮಾತನಾಡಿಸಿದವರಲ್ಲಿ ಅರ್ಧ ಮಂದಿ ಹೇಳಿದರು. ಗಮನಿಸಬೇಕಾದದ್ದು ಇದು: ಮೋಟಾರು ವಾಹನದ ಪಾತ್ರವಿದ್ದ ಪ್ರಕರಣಗಳು ಆರರಲ್ಲಿ ಒಂದರಷ್ಟು ಮಾತ್ರ.

ಅಂದರೆ ಇಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ. ಹೆಚ್ಚಿನವರು ಗಾಯಗೊಳ್ಳುವುದು ತಾವಾಗಿಯೇ ಬಿದ್ದು; ಹೆಚ್ಚಿನವರು ಸಾಯುವುದು ಬೇರೆ ವಾಹನ ಬಡಿದು. ಹೆಲ್ಮೆಟ್, ತರಬೇತಿ, ಕಡಿಮೆ ವೇಗ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಪ್ರತ್ಯೇಕ ಪಥ ಮತ್ತು ಕಾರುಗಳ ವೇಗಕ್ಕೆ ಕಡಿವಾಣ ಬಿಟ್ಟರೆ ಬೇರೆ ಮದ್ದಿಲ್ಲ. ಅನೇಕ ಸರ್ಕಾರಗಳು ಮೊದಲನೆಯ ಮದ್ದನ್ನು ಬರೆದುಕೊಟ್ಟು ಎರಡನೆಯ ರೋಗಕ್ಕೂ ಅದೇ ಸಾಕೆಂದು ಕೈತೊಳೆದುಕೊಳ್ಳುತ್ತಿವೆ. ಸವಾರನಿಗೆ ದಂಡ ಹಾಕಲು ಒಂದು ಅಧಿಸೂಚನೆ ಸಾಕು. ಪಥ ಕಟ್ಟಲು ಹಣ, ಕಾಲ, ಕಾರುಗಳಿಂದ ಜಾಗ ಕೇಳುವ ಧೈರ್ಯ ಎಲ್ಲವೂ ಬೇಕು.

ತಾವಾಗಿ ಬೀಳುವುದೇಕೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸೈಕಲ್ ಚಕ್ರದ ವ್ಯಾಸ 26 ರಿಂದ 28 ಇಂಚು. ಆರಂಭದ ಬಾಡಿಗೆ ಸೇವೆಗಳು ಬಳಸಿದ, ಮನೆಬಳಕೆಗೆಂದು ಮಾಡಿದ ಶಿಯೋಮಿ ಎಂ365 ಸ್ಕೂಟರ್‌ನ ಚಕ್ರ ಎಂಟೂವರೆ ಇಂಚಿನದು. ದೊಡ್ಡ ಚಕ್ರ ಸಲೀಸಾಗಿ ಹತ್ತಿ ಇಳಿಯುವ ಎರಡು ಇಂಚಿನ ಏಣು ಪುಟ್ಟ ಚಕ್ರಕ್ಕೆ ಗೋಡೆ. ಅದರ ಮೇಲೆ ಸವಾರ ನೆಟ್ಟಗೆ ನಿಂತಿರುತ್ತಾನೆ. ದೇಹದ ಭಾರವೆಲ್ಲ ಎತ್ತರದಲ್ಲಿ, ಎರಡು ಚಕ್ರಗಳ ನಡುವಿನ ಅಂತರ ಕಡಿಮೆ. ಮುಂದಿನ ಚಕ್ರ ಸಿಕ್ಕಿಬಿದ್ದ ಕೂಡಲೇ ಸ್ಕೂಟರ್ ನಿಲ್ಲುತ್ತದೆ, ಮನುಷ್ಯ ಮುಂದಕ್ಕೆ ಹಾರುತ್ತಾನೆ, ಕೈ ಊರಲು ಸಮಯ ಸಿಗುವುದಿಲ್ಲ. ಮಣಿಕಟ್ಟು, ಮುಖ, ತಲೆಗೆ ಹೆಚ್ಚು ಪೆಟ್ಟಾಗುವುದು ಇದರಿಂದ. ಟ್ರಾಮ್ ಹಳಿಯ ಸಂದಿಯಲ್ಲೂ ಇದೇ ಕಥೆ. ತಿರುಗುವಾಗ ಸನ್ನೆ ಮಾಡಲು ಒಂದು ಕೈ ಬಿಟ್ಟರೆ ಹ್ಯಾಂಡಲ್ ತೂಗಾಡುತ್ತದೆ. ಹಾಗಾಗಿ ಸೈಕಲ್‌ನವರಿಗೆ ಹೇಳುವ ಕೈಸನ್ನೆಯ ನಿಯಮವನ್ನು ಇವರಿಗೂ ಅನ್ವಯಿಸುವುದು ಅಪಾಯಕ್ಕೆ ಆಹ್ವಾನ ಕೊಟ್ಟಂತೆ; ದಿಕ್ಕು ತೋರಿಸುವ ದೀಪವನ್ನೇ ಕಡ್ಡಾಯ ಮಾಡಬೇಕು.

ಜಪಾನ್ ಹಾಗೆಯೇ ಮಾಡಿತು. 2023ರ ಜುಲೈ 1ರಂದು ಜಾರಿಗೆ ಬಂದ ಅದರ ಕಾನೂನು ನಾನು ಓದಿದವುಗಳಲ್ಲಿ ಅತ್ಯಂತ ಸೂಕ್ಷ್ಮವಾಗಿ ಯೋಚಿಸಿ ಬರೆದದ್ದು. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಡ. ವೇಗ 20 ಕಿ.ಮೀ. ಮೀರುವಂತಿಲ್ಲ, ದಿಕ್ಕುದೀಪ, ಪುಟ್ಟ ನಂಬರ್ ಪ್ಲೇಟ್, ವಿಮೆ ಕಡ್ಡಾಯ, ಹೆಲ್ಮೆಟ್ ಧರಿಸಲು ಪ್ರಯತ್ನಿಸಬೇಕು ಎನ್ನುವ ಸೂಚನೆ, ಆದರೆ ದಂಡವಿಲ್ಲ. ಇದರ ವಿಶೇಷ ಸ್ಕೂಟರ್‌ನ ಮುಂದೆ ಹಿಂದೆ ಇರಲೇಬೇಕಾದ ಹಸಿರು ದೀಪದಲ್ಲಿದೆ. ಅದು ಒಂದೇ ಸಮನೆ ಉರಿಯುತ್ತಿದ್ದರೆ ಸ್ಕೂಟರ್ ರಸ್ತೆಯ ವೇಗದಲ್ಲಿದೆ ಎಂದರ್ಥ. ಮಿನುಗುತ್ತಿದ್ದರೆ ಗಂಟೆಗೆ 6 ಕಿ.ಮೀ. ಮೀರದಂತೆ ಬಿಗಿಯಲಾಗಿದೆ ಎಂದರ್ಥ. ಆಗ ಮಾತ್ರ, ಅದೂ ಅನುಮತಿಯಿರುವ ಫುಟ್‌ಪಾತ್‌ಗಳಲ್ಲಿ ಹೋಗಬಹುದು. ನಡೆದು ಬರುತ್ತಿರುವ ಅಜ್ಜಿಗೂ, ಕೂಡುರಸ್ತೆಯಲ್ಲಿ ನಿಂತ ಪೊಲೀಸನಿಗೂ ಒಂದೇ ನೋಟಕ್ಕೆ ವಿಷಯ ತಿಳಿಯುತ್ತದೆ. ಸವಾರ ಎಲ್ಲಿದ್ದಾನೆ ಎಂಬುದಕ್ಕೆ ತಕ್ಕಂತೆ ವಾಹನವೇ ಬದಲಾಗಬೇಕು ಎಂಬ ಈ ವಿಚಾರ ಬೇರೆ ದೇಶಗಳಿಗೆ ಇನ್ನೂ ಹೊಳೆಯದಿರುವುದು ಸೋಜಿಗ. ಕಾನೂನು ಚೆನ್ನಾಗಿದ್ದ ಮಾತ್ರಕ್ಕೆ ರೂಢಿ ನೆಟ್ಟಗಾಯಿತು ಎಂದಲ್ಲ. ಅಲ್ಲೂ ಕೆಂಪು ದೀಪ ದಾಟುವವರು, ಕುಡಿದು ಏರುವವರು, ತಪ್ಪು ಕಡೆಯಲ್ಲಿ ಬರುವವರು ಇದ್ದಾರೆ. ಆದರೆ ತಪ್ಪು ಯಾವುದು ಎಂಬ ಬಗ್ಗೆ ಯಾರಿಗೂ ಗೊಂದಲವಿಲ್ಲ.

ಸಿಂಗಪುರದ ಅನುಭವ ಕಹಿಯಾದದ್ದು. 2019ರ ಸೆಪ್ಟೆಂಬರ್‌ನಲ್ಲಿ ಸೈಕಲ್‌ನಲ್ಲಿದ್ದ ವೃದ್ಧೆಯೊಬ್ಬರು ಇ-ಸ್ಕೂಟರ್ ಡಿಕ್ಕಿಯಾಗಿ ತೀರಿಕೊಂಡರು. ನವೆಂಬರ್ 5ರಿಂದ ಫುಟ್‌ಪಾತ್ ಮೇಲೆ ಇ-ಸ್ಕೂಟರ್ ಸಂಪೂರ್ಣ ನಿಷೇಧ. ತಪ್ಪಿದರೆ 2,000 ಸಿಂಗಪುರ ಡಾಲರ್‌ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು. ರಸ್ತೆಗಳಲ್ಲಿ ಮೊದಲೇ ನಿಷೇಧವಿತ್ತು. ಉಳಿದದ್ದು ಸೈಕಲ್ ಪಥ ಮಾತ್ರ. ಸವಾರರಿಗೆ ಸಿಗುತ್ತಿದ್ದ 5,500 ಕಿ.ಮೀ. ಫುಟ್‌ಪಾತ್‌ನ ಬದಲು ರಾತ್ರೋರಾತ್ರಿ 440 ಕಿ.ಮೀ. ಸೈಕಲ್ ಪಥ. ಇದರ ಪೆಟ್ಟು ಬಿದ್ದದ್ದು ಸ್ಕೂಟರ್ ಮೇಲೆ ಮನೆಮನೆಗೆ ಊಟ ತಲುಪಿಸಿ ಬದುಕುತ್ತಿದ್ದ ಸಾವಿರಾರು ಜನರಿಗೆ. ಸಾರ್ವಜನಿಕ ಪ್ರತಿಭಟನೆ ಅಪರೂಪವಾದ ಆ ದೇಶದಲ್ಲಿ ಅವರು ಗುಂಪುಗೂಡಿ ತಮ್ಮ ಸಂಸದರನ್ನು ಪ್ರಶ್ನಿಸಿದರು. ವಾಹನ ಬದಲಿಸಿಕೊಳ್ಳಲು ಸರ್ಕಾರ, ಕಂಪನಿಗಳು ಸೇರಿ 70 ಲಕ್ಷ ಸಿಂಗಪುರ ಡಾಲರ್ ನಿಧಿ ತೆಗೆದಿಟ್ಟವು. ಪಾದಚಾರಿಗಳ ಸುರಕ್ಷತೆಗೆ ನಿಷೇಧ ಬೇಕಾಗಿತ್ತು ಎಂದೇ ನಾನೂ ಹೇಳುತ್ತೇನೆ. ಆದರೆ ಪಥ ಮೊದಲು ಬಂದು ನಿಷೇಧ ಆಮೇಲೆ ಬರಬೇಕಿತ್ತು. 2030ರ ಹೊತ್ತಿಗೆ ಸೈಕಲ್ ಪಥಗಳ ಜಾಲವನ್ನು ಸುಮಾರು 1,300 ಕಿ.ಮೀ.ಗೆ ಏರಿಸುವ ಯೋಜನೆ ಅಲ್ಲಿದೆ.

ಒಂದು ಸಾವಿನ ಬೆನ್ನಿಗೆ ನಿಯಮ, ಅದರ ಬೆನ್ನಿಗೆ ಇನ್ನೊಂದು ನಿಯಮ ಎಂಬ ತೂಗಾಟ ದಕ್ಷಿಣ ಕೊರಿಯಾದಷ್ಟು ಬೇರೆಲ್ಲೂ ಎದ್ದು ಕಾಣುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಕಾನೂನು ಸಡಿಲಿಸಿ 13 ವರ್ಷದವರೂ ಲೈಸೆನ್ಸ್ ಇಲ್ಲದೆ ಓಡಿಸಬಹುದು ಎಂದಿತು. ಜನರ ವಿರೋಧಕ್ಕೆ ಮಣಿದು 2021ರ ಮೇ ತಿಂಗಳಲ್ಲಿ ಎಲ್ಲವನ್ನೂ ತಿರುಗಿಸಿತು: 16 ವರ್ಷ, ಲೈಸೆನ್ಸ್, ಹೆಲ್ಮೆಟ್ ಎಲ್ಲವೂ ಕಡ್ಡಾಯ, ಲೈಸೆನ್ಸ್ ಇಲ್ಲದಿದ್ದರೆ ಒಂದು ಲಕ್ಷ ವಾನ್ ದಂಡ, ಹೆಲ್ಮೆಟ್ ಇಲ್ಲದಿದ್ದರೆ 20,000. ಬಾಡಿಗೆ ಸ್ಕೂಟರ್‌ಗೂ ಹೆಲ್ಮೆಟ್‌ಗೂ ಇರುವ ಸಹಜ ವಿರೋಧ ಇಲ್ಲಿ ಬಯಲಾಯಿತು. ಮೆಟ್ರೊ ಇಳಿದು ಹತ್ತು ನಿಮಿಷದ ದಾರಿಗೆ ಸ್ಕೂಟರ್ ಹಿಡಿಯುವವನು ದಿನವಿಡೀ ಹೆಲ್ಮೆಟ್ ಹೊತ್ತು ತಿರುಗುವುದಿಲ್ಲ. ಸ್ಕೂಟರ್‌ಗೇ ತೂಗುಹಾಕಿದ ಹೆಲ್ಮೆಟ್, ಇನ್ನೊಬ್ಬರ ಬೆವರು ಹತ್ತಿದ್ದು, ಮಳೆಯಲ್ಲಿ ನೆನೆದದ್ದು. ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ, ಕಳ್ಳತನವೂ ಆಗುತ್ತದೆ. ಹೆಲ್ಮೆಟ್ ತಲೆ ಉಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸ್ವಂತ ಸ್ಕೂಟರ್ ಇರುವವರಿಗೆ ಅದು ಕಡ್ಡಾಯವಾದರೆ ನಾನು ಸ್ವಾಗತಿಸುತ್ತೇನೆ. ಡೆನ್ಮಾರ್ಕ್ 2022ರಿಂದ, ಇಟಲಿ 2024ರ ಡಿಸೆಂಬರ್‌ನಿಂದ ಎಲ್ಲ ಸವಾರರಿಗೂ ಕಡ್ಡಾಯ ಮಾಡಿವೆ. ಬಾಡಿಗೆ ಸೇವೆಯಲ್ಲಿ ಮಾತ್ರ ವೇಗವನ್ನು ಇಳಿಸುವುದು ಹೆಚ್ಚು ಫಲ ಕೊಡುವ ದಾರಿ.

ರಾತ್ರಿಯ ಸಮಸ್ಯೆಯೇ ಬೇರೆ. ಕಾರು ಬಿಟ್ಟು ಕುಡಿಯಲು ಹೋದವನು ಮರಳುವಾಗ ಎದುರಿಗೆ ಸ್ಕೂಟರ್ ನಿಂತಿರುತ್ತದೆ. ಮ್ಯೂನಿಕ್‌ನ 2019ರ ಅಕ್ಟೋಬರ್‌ಫೆಸ್ಟ್ ಬಿಯರ್ ಉತ್ಸವದಲ್ಲಿ ನೂರಾರು ಸವಾರರು ಮಿತಿ ಮೀರಿ ಕುಡಿದು ಸಿಕ್ಕಿಬಿದ್ದರು. ಜರ್ಮನಿಯಲ್ಲಿ ಇದಕ್ಕೆ ಕಾರು ಚಾಲಕರಿಗಿರುವ ಮಿತಿಯೇ ಅನ್ವಯ. ಆಟಿಕೆಯೆಂದುಕೊಂಡು ಏರಿದವರು ತಮ್ಮ ಕಾರಿನ ಲೈಸೆನ್ಸ್ ಕಳೆದುಕೊಂಡರು. 2021ರ ಬೇಸಿಗೆಯಲ್ಲಿ ಓಸ್ಲೊದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾಡಿಗೆ ಸ್ಕೂಟರ್‌ಗಳು ತುಂಬಿಕೊಂಡಾಗ, ವಾರಾಂತ್ಯದ ರಾತ್ರಿಗಳಲ್ಲಿ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬರುವವರ ಸಂಖ್ಯೆ ವೈದ್ಯರನ್ನು ಕಂಗೆಡಿಸಿತು. ಆ ಸೆಪ್ಟೆಂಬರ್‌ನಲ್ಲಿ ನಗರ ಒಟ್ಟು ಸಂಖ್ಯೆಯನ್ನು 8,000ಕ್ಕೆ ಇಳಿಸಿ, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬಾಡಿಗೆಯನ್ನೇ ನಿಲ್ಲಿಸಿತು. ಮರುವರ್ಷ ನಾರ್ವೆ ಕಾರು ಚಾಲಕರಿಗಿರುವ, ರಕ್ತದಲ್ಲಿ ಸಾವಿರಕ್ಕೆ 0.2 ಭಾಗ ಎಂಬ ಮದ್ಯದ ಮಿತಿಯನ್ನು ಸ್ಕೂಟರ್‌ಗೂ ತಂದಿತು. ಬಾಡಿಗೆ ಸ್ಕೂಟರ್‌ಗೆ ಇರುವ ಒಂದು ದೊಡ್ಡ ಅನುಕೂಲ ಇಲ್ಲಿ ಕಾಣುತ್ತದೆ: ಅದನ್ನು ಗಂಟೆ ನೋಡಿ, ಬೀದಿ ನೋಡಿ ದೂರದಿಂದಲೇ ನಿಧಾನಗೊಳಿಸಬಹುದು, ನಿಲ್ಲಿಸಬಹುದು. ಕಾರಿಗೆ ಯಾವ ನಗರವೂ ಹೀಗೆ ಮಾಡಲಾರದು.

ಆದರೆ ಅದೇ ಕಂಪನಿಗಳು ಬಾಡಿಗೆಯನ್ನು ನಿಮಿಷದ ಲೆಕ್ಕದಲ್ಲಿ ವಸೂಲಿ ಮಾಡುತ್ತವೆ. ಕೆಂಪು ದೀಪದಲ್ಲಿ ನಿಂತ ಪ್ರತಿ ನಿಮಿಷಕ್ಕೂ ಸವಾರ ಹಣ ತೆರಬೇಕು. ಅವಸರಕ್ಕೆ ಬಹುಮಾನ, ತಾಳ್ಮೆಗೆ ದಂಡ ಎನ್ನುವಂಥ ದರಪಟ್ಟಿ ಇಟ್ಟುಕೊಂಡು ಸವಾರರಿಗೆ ಸುರಕ್ಷತೆಯ ಪಾಠ ಹೇಳುವುದರಲ್ಲಿ ಅರ್ಥವಿಲ್ಲ. ದೂರದ ಲೆಕ್ಕದಲ್ಲಿ ಬಾಡಿಗೆ ಇರಬೇಕೆಂದು ನಗರಗಳು ಪರವಾನಗಿಯಲ್ಲೇ ಷರತ್ತು ಹಾಕಬಹುದು.

ನಿಲುಗಡೆಯ ಮಾತು ಇಷ್ಟು ಬೇಗ ಮುಗಿಯಬಹುದಿತ್ತು: ಚೌಕ ಗುರುತಿಸಿ, ಅಲ್ಲಿ ಮಾತ್ರ ಬಾಡಿಗೆ ಮುಗಿಯುವಂತೆ ಮಾಡಿ. ಕೋಪನ್‌ಹೇಗನ್ 2020ರಲ್ಲಿ ಎಲ್ಲವನ್ನೂ ತೆಗೆಸಿ, ಮರುವರ್ಷ ನಗರದ ಕೇಂದ್ರಭಾಗದ ಹೊರಗೆ ಗೊತ್ತುಮಾಡಿದ ಜಾಗಗಳೊಡನೆ ಮರಳಿ ಬಿಟ್ಟುಕೊಂಡಿತು. ಸ್ವೀಡನ್ 2022ರ ಸೆಪ್ಟೆಂಬರ್‌ನಿಂದ ಫುಟ್‌ಪಾತ್ ಮೇಲೆ ಓಡಿಸುವುದನ್ನೂ ನಿಲ್ಲಿಸುವುದನ್ನೂ ದೇಶದಾದ್ಯಂತ ನಿಷೇಧಿಸಿತು. ಸೋಲ್‌ನಲ್ಲಿ ಅಡ್ಡಾದಿಡ್ಡಿ ನಿಂತ ಸ್ಕೂಟರ್ ಅನ್ನು ಎಳೆದೊಯ್ದು ಕಂಪನಿಯಿಂದ 40,000 ವಾನ್ ಕಟ್ಟಿಸಿಕೊಳ್ಳುತ್ತಾರೆ. ಇಷ್ಟೆಲ್ಲ ದಾರಿಗಳಿದ್ದರೂ ತಡಮಾಡಿದ ನಗರ, ದೇಶಗಳು ಬಾಡಿಗೆ ಸೇವೆಯನ್ನೇ ಕಳೆದುಕೊಂಡವು: 2024ರ ಮಾರ್ಚ್‌ನಿಂದ ಮಾಲ್ಟಾ, ಅದೇ ವರ್ಷ ಮೆಲ್ಬರ್ನ್ ಮತ್ತು ಮ್ಯಾಡ್ರಿಡ್.

ಬಾಡಿಗೆ ಸೇವೆ ಹೋದ ಮೇಲೆ ಉಳಿಯುವುದು ಸ್ವಂತ ಸ್ಕೂಟರ್‌ಗಳು. ಇವನ್ನು ದೂರದಿಂದ ನಿಧಾನಗೊಳಿಸುವ ಸರ್ವರ್ ಇಲ್ಲ, ದೂರು ಕೊಡಲು ಕಂಪನಿಯ ಫೋನ್ ನಂಬರ್ ಇಲ್ಲ. ಅಂಗಡಿಯಿಂದ ಬರುವಾಗ 25 ಕಿ.ಮೀ.ಗೆ ಬಿಗಿದಿದ್ದ ವೇಗವನ್ನು ಅನೇಕ ಮಾದರಿಗಳಲ್ಲಿ ಮೊಬೈಲ್ ಆ್ಯಪ್‌ನಿಂದಲೇ ಸಡಿಲಿಸಬಹುದು. ಅಗ್ಗದ ಬ್ಯಾಟರಿ, ಹೊಂದದ ಚಾರ್ಜರ್ ಸೇರಿದರೆ ಮನೆಯೊಳಗೇ ಬೆಂಕಿ. ಸಿಂಗಪುರ 2020ರ ಜುಲೈನಿಂದ, ನ್ಯೂಯಾರ್ಕ್ ನಗರ 2023ರಿಂದ ಬ್ಯಾಟರಿ ಮತ್ತು ವಿದ್ಯುತ್ ವ್ಯವಸ್ಥೆಯ ಸುರಕ್ಷತೆಗೆ ಯುಎಲ್ 2272 ಎಂಬ ಪ್ರಮಾಣಪತ್ರ ಇರಲೇಬೇಕೆಂದವು. ಬಾರ್ಸಿಲೋನಾದ ರೈಲಿನೊಳಗೆ 2022ರ ನವೆಂಬರ್‌ನಲ್ಲಿ ಸ್ಕೂಟರ್ ಹೊತ್ತಿ ಉರಿದ ಮೇಲೆ ಅಲ್ಲಿನ ಸಾರ್ವಜನಿಕ ಸಾರಿಗೆಯಲ್ಲಿ ಅದನ್ನು ಒಯ್ಯುವುದನ್ನೇ ನಿಷೇಧಿಸಲಾಯಿತು. ಮರುವರ್ಷ ಮ್ಯಾಡ್ರಿಡ್ ಕೂಡ ಹಾಗೆಯೇ ಮಾಡಿತು. ರೈಲಿನಿಂದ ಇಳಿದು ಮನೆ ಸೇರುವ ಕೊನೆಯ ಒಂದೆರಡು ಕಿಲೋಮೀಟರ್‌ಗೆ ಹೇಳಿ ಮಾಡಿಸಿದಂತಿದ್ದ ವಾಹನ ರೈಲನ್ನೇ ಹತ್ತದಂತಾಯಿತು. ಕೆಟ್ಟ ಬ್ಯಾಟರಿ ಮಾರಿದವರ ತಪ್ಪಿಗೆ ನಿಯಮ ಪಾಲಿಸುವ ಪ್ರಯಾಣಿಕರು ಬೆಲೆ ತೆತ್ತರು.

ಮಾರಾಟದ ಹಂತದಲ್ಲೇ ಬಿಗಿ ಮಾಡುವ ಗಟ್ಟಿ ಪ್ರಯತ್ನಗಳಲ್ಲಿ ಒಂದು ಸ್ಪೇನ್‌ನದು. 2024ರ ಜನವರಿ 22ರಿಂದ ಅಲ್ಲಿ ಮಾರಾಟವಾಗುವ ಪ್ರತಿ ಹೊಸ ಸ್ಕೂಟರ್ ಮಾದರಿಯೂ ವೇಗ 25 ಕಿ.ಮೀ. ಮೀರದಂತೆ, ಅದನ್ನು ಬಳಕೆದಾರ ತಿದ್ದಲಾಗದಂತೆ ಇರಬೇಕು. ಬ್ರೇಕ್, ದೀಪಗಳ ಪರೀಕ್ಷೆಯಲ್ಲಿ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು. ಅದಕ್ಕೂ ಮೊದಲು ಕೊಂಡ ಪ್ರಮಾಣಪತ್ರವಿಲ್ಲದ ಸ್ಕೂಟರ್‌ಗಳಿಗೆ ಕೊಟ್ಟ ಗಡುವು 2027ರ ಜನವರಿ 22. ಹಳೆಯದಕ್ಕೆ ಪ್ರಮಾಣಪತ್ರ ಮಾಡಿಸುವುದು ಬಹುತೇಕ ಆಗದ ಮಾತಾದ್ದರಿಂದ, ಆ ದಿನದ ನಂತರ ಅವುಗಳ ಮಾಲೀಕರು ಒಂದೋ ಹೊಸದು ಕೊಳ್ಳಬೇಕು, ಇಲ್ಲವೇ ಕಾನೂನು ಮೀರಿ ಓಡಿಸಬೇಕು. ಕಷ್ಟಪಟ್ಟು ಹಣ ಕೂಡಿಸಿ ಕೊಂಡವರಿಗೆ ಹಳೆಯದನ್ನು ಕೊಟ್ಟು ಹೊಸದು ಪಡೆಯುವ ನೆರವೂ ಆ ಗಡುವಿನ ಜೊತೆಗೇ ಸಿಗಬೇಕು. ಸಿಂಗಪುರದಲ್ಲಿ ಹಾಗೆ ಮಾಡಿದ್ದಕ್ಕೇ ಊಟ ತಲುಪಿಸುವವರಲ್ಲಿ ಅನೇಕರು ಕೆಲಸ ಉಳಿಸಿಕೊಂಡು ಬೇರೆ ವಾಹನಕ್ಕೆ ಬದಲಾದರು.